ಎಕ್ಸೆಲ್, ಗೂಗಲ್ ಶೀಟ್ಸ್, ಕ್ಯಾಲ್ಕ್: ನಿಮ್ಮ ಲೆಕ್ಕಕ್ಕೆ ಯಾವುದು ಸರಿ?

ಸ್ಪ್ರೆಡ್‌ಶೀಟ್ ತಂತ್ರಾಂಶ ಆರಿಸುವಾಗ ಬಹಳ ಜನ ಮೊದಲು ಕೇಳುವುದು ‘ಇದರಲ್ಲಿ ಎಷ್ಟು ಸಾಲು ಹಿಡಿಸುತ್ತದೆ?’ ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಮಿತಿ ಮುಟ್ಟಿದಾಗ ತಂತ್ರಾಂಶ ಅದನ್ನು ನಮಗೆ ಹೇಳುತ್ತದೆಯೋ, ಹೇಳದೆ ಲೆಕ್ಕವನ್ನು ಕೆಡಿಸುತ್ತದೆಯೋ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹಾಲಿನ ಸಂಘದ ಬಟವಾಡೆ, ಮಂಡಿಯ ಕಿರ್ದಿ, ಜಮೀನಿನ ಪಟ್ಟಿ, ಶಾಲೆಯ ದಾಖಲಾತಿ ಇಂಥವನ್ನು ಕಂಪ್ಯೂಟರಿನಲ್ಲಿ ಬರೆದಿಡುವವರಿಗೆ ಸಾಲು ಸಾಲದೆ ಹೋಗುವುದು ಅಪರೂಪ. ದಿನವೂ ಹಾಳಾಗುತ್ತಿರುವುದು ಬೇರೆಯೇ. ಸರ್ವೆ ನಂಬರ್ ಹೋಗಿ ತಾರೀಖು ಆಗುತ್ತದೆ, ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಎರಡು ಎಕರೆ ಇಪ್ಪತ್ತು ಗುಂಟೆ ಎಂದು ಬರೆದದ್ದು ಎರಡು ಎಕರೆ ಎರಡು ಗುಂಟೆಯಂತೆ ಕಾಣುತ್ತದೆ. ಇದಾವುದಕ್ಕೂ ಎಚ್ಚರಿಕೆಯ ಸಂದೇಶ ಬರುವುದಿಲ್ಲ.

ಇಲ್ಲಿ ಹೋಲಿಸಿರುವುದು ಮೂರನ್ನು. ಕಂಪ್ಯೂಟರಿಗೆ ಹಾಕಿಕೊಳ್ಳುವ ಮೈಕ್ರೋಸಾಫ್ಟ್ ಎಕ್ಸೆಲ್‌ಗೆ ಹಣ ಕೊಡಬೇಕು. ಗೂಗಲ್ ಶೀಟ್ಸ್ ಗೂಗಲ್ ಖಾತೆ ಇರುವವರಿಗೆ ಉಚಿತ. ಇಂಟರ್‌ನೆಟ್ ಇದ್ದರೆ ಮೊಬೈಲಿನಲ್ಲೂ ತೆರೆಯುತ್ತದೆ. ಲಿಬ್ರೆಆಫೀಸ್‌ನ ಕ್ಯಾಲ್ಕ್ ಮುಕ್ತ ತಂತ್ರಾಂಶ. ಹಳೆಯ ಕಂಪ್ಯೂಟರಿಗೂ ಹಾಕಿಕೊಳ್ಳಬಹುದು, ಇಂಟರ್‌ನೆಟ್ ಬೇಕಿಲ್ಲ.

ಗಾತ್ರದ ಲೆಕ್ಕ

ಎಕ್ಸೆಲ್ 2007ರ ಆವೃತ್ತಿಯಿಂದ ಈಚೆಗೆ ಒಂದು ಶೀಟಿಗೆ 10,48,576 ಸಾಲು, 16,384 ಕಾಲಂ ಕೊಡುತ್ತದೆ. ಕ್ಯಾಲ್ಕ್‌ನಲ್ಲೂ ಸಾಲುಗಳು ಅಷ್ಟೇ. ಕಾಲಂಗಳು ಮಾತ್ರ ಬಹಳ ಕಾಲ 1,024ಕ್ಕೆ ನಿಂತಿದ್ದವು. 2022ರಲ್ಲಿ ಬಂದ 7.4ನೇ ಆವೃತ್ತಿಯಿಂದ ಅವೂ 16,384 ಆಗಿವೆ. ಗೂಗಲ್ ಶೀಟ್ಸ್ ಲೆಕ್ಕ ಹಾಕುವ ಬಗೆ ಬೇರೆ. ಅದು ಸಾಲುಗಳನ್ನು ಎಣಿಸುವುದಿಲ್ಲ, ಸೆಲ್‌ಗಳನ್ನು, ಅಂದರೆ ಸಾಲು ಕಾಲಂ ಕೂಡುವ ಒಂದೊಂದು ಚೌಕವನ್ನು, ಎಣಿಸುತ್ತದೆ. ಇಡೀ ಫೈಲಿಗೆ, ಅಂದರೆ ಅದರೊಳಗಿನ ಎಲ್ಲ ಶೀಟುಗಳೂ ಸೇರಿ, 1 ಕೋಟಿ ಸೆಲ್. ಕಾಲಂಗಳು ಹೆಚ್ಚೆಂದರೆ 18,278. 2022ಕ್ಕೆ ಮುಂಚೆ ಈ ಮಿತಿ 50 ಲಕ್ಷ ಸೆಲ್ ಇತ್ತು.

ಈ ಅಂಕಿಗಳನ್ನು ಒಂದು ಹಾಲಿನ ಸಂಘಕ್ಕೆ ಹೊಂದಿಸಿ ನೋಡೋಣ. ಸಂಘದಲ್ಲಿ 300 ಸದಸ್ಯರು, ಬೆಳಿಗ್ಗೆ ಸಂಜೆ ಎರಡೂ ಹೊತ್ತು ಹಾಲು ಹಾಕುತ್ತಾರೆ ಎಂದುಕೊಳ್ಳಿ. ದಿನಕ್ಕೆ 600 ಸಾಲು. ಕಾಲಂಗಳು ಎಂಟು: ದಿನಾಂಕ, ಹೊತ್ತು, ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ), ದರ, ಮೊತ್ತ. ವರ್ಷಕ್ಕೆ 2,19,000 ಸಾಲು ಆಗುತ್ತದೆ. ಎಕ್ಸೆಲ್ ಅಥವಾ ಕ್ಯಾಲ್ಕ್‌ನ ಒಂದೇ ಶೀಟು ಸುಮಾರು ನಾಲ್ಕೂಮುಕ್ಕಾಲು ವರ್ಷಕ್ಕೆ ಸಾಕು. ಗೂಗಲ್ ಶೀಟ್ಸ್‌ನಲ್ಲಿ 1 ಕೋಟಿಯನ್ನು ಎಂಟರಿಂದ ಭಾಗಿಸಿದರೆ 12,50,000 ಸಾಲು, ಅಂದರೆ ಐದೂವರೆ ವರ್ಷಕ್ಕೂ ಹೆಚ್ಚು. ಕಾಲಂ ಕಡಿಮೆ ಇದ್ದರೆ ಕಾಗದದ ಮೇಲೆ ಗೂಗಲ್ ಶೀಟ್ಸೇ ದೊಡ್ಡದು.

ಇಲ್ಲಿ ಒಂದು ಮರ್ಮವಿದೆ. ಗೂಗಲ್ ಶೀಟ್ಸ್ ಹೊಸ ಶೀಟನ್ನು 26 ಕಾಲಂಗಳೊಂದಿಗೆ ತೆರೆಯುತ್ತದೆ. ನೀವು ಬರೆಯುವುದು ಎಂಟರಲ್ಲೇ ಆದರೂ ಖಾಲಿ ಬಿದ್ದಿರುವ ಹದಿನೆಂಟೂ ಎಣಿಕೆಗೆ ಬರುತ್ತವೆ. ಆಗ 1 ಕೋಟಿಯನ್ನು 26ರಿಂದ ಭಾಗಿಸಬೇಕು: 3,84,615 ಸಾಲು. ಐದೂವರೆ ವರ್ಷ ಬರಬೇಕಾದ ಫೈಲು ಒಂದೂಮುಕ್ಕಾಲು ವರ್ಷಕ್ಕೆ ತುಂಬಿಹೋಯಿತು. ಶೀಟು ತೆರೆದ ದಿನವೇ ಬಲಗಡೆಯ ಖಾಲಿ ಕಾಲಂಗಳನ್ನು ಅಳಿಸಿಬಿಡುವುದಕ್ಕೆ ಅರ್ಧ ನಿಮಿಷ ಸಾಕು. ಮೂರರಷ್ಟಕ್ಕೂ ಹೆಚ್ಚು ಜಾಗ ಸಿಗುತ್ತದೆ.

ಆದರೂ ಲಕ್ಷ ಸಾಲು ದಾಟುವ ಲೆಕ್ಕಕ್ಕೆ ನಾನು ಗೂಗಲ್ ಶೀಟ್ಸ್ ಹೇಳುವುದಿಲ್ಲ. ಮಿತಿಗೆ ಬಹಳ ಮುಂಚೆಯೇ ಅದು ನಿಧಾನವಾಗುತ್ತದೆ. ಪ್ರತಿ ಸಾಲಿಗೂ ಸೂತ್ರ ಇದ್ದರಂತೂ ಒಂದು ಅಂಕಿ ತಿದ್ದಿ ಕಾಯುತ್ತ ಕುಳಿತುಕೊಳ್ಳಬೇಕಾಗುತ್ತದೆ. ಸಂಘದಲ್ಲಿ ಸದಸ್ಯರು ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿರುವ ಹೊತ್ತಿನಲ್ಲಿ ಅದು ಆಗುವ ಮಾತಲ್ಲ. ವರ್ಷಕ್ಕೊಂದು ಫೈಲು ಮಾಡಿಕೊಂಡರೆ ಮೂರರಲ್ಲಿ ಯಾವುದಾದರೂ ನಡೆಯುತ್ತದೆ.

ಒಂದು ಸೆಲ್‌ನೊಳಗೆ ಎಷ್ಟು ಬರೆಯಬಹುದು ಎಂಬುದಕ್ಕೂ ಮಿತಿಯಿದೆ. ಎಕ್ಸೆಲ್‌ನಲ್ಲಿ 32,767 ಅಕ್ಷರ, ಗೂಗಲ್‌ನಲ್ಲಿ 50,000. ಲೆಕ್ಕ ಬರೆಯುವವರಿಗೆ ಇದು ತಟ್ಟುವುದಿಲ್ಲ. ತಟ್ಟುವುದು ಶೀಟಿನ ಹೆಸರಿನ ಮಿತಿ: ಎಕ್ಸೆಲ್‌ನಲ್ಲಿ 31 ಅಕ್ಷರ. ಕನ್ನಡದಲ್ಲಿ ಹೆಸರು ಇಡುವವರಿಗೆ ಇದು ತೀರ ಇಕ್ಕಟ್ಟು, ಏಕೆಂದರೆ ಕಂಪ್ಯೂಟರು ಅಕ್ಷರ ಎಣಿಸುವುದು ನಮ್ಮಂತೆ ಅಲ್ಲ. ‘ಚಿಕ್ಕನಾಯಕನಹಳ್ಳಿ’ ನಮ್ಮ ಕಣ್ಣಿಗೆ ಎಂಟು ಅಕ್ಷರ. ಯಂತ್ರಕ್ಕೆ ಅದು ಹದಿನೈದು. ಗುಡಿಸು, ಇಳಿ, ಒತ್ತಕ್ಷರ ಕೂಡಿಸುವ ಅರ್ಧಚಿಹ್ನೆ ಎಲ್ಲವೂ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ. ‘ಹಾಲು ಉತ್ಪಾದಕರ ಸಹಕಾರ ಸಂಘ ಚಿಕ್ಕನಾಯಕನಹಳ್ಳಿ’ ಎಂದು ಬರೆಯಹೊರಟರೆ 39 ಆಗಿ, ಊರಿನ ಹೆಸರು ಅರ್ಧಕ್ಕೇ ನಿಲ್ಲುತ್ತದೆ. ಶೀಟಿಗೆ ಚಿಕ್ಕ ಹೆಸರು ಇಡಿ, ಪೂರ್ತಿ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯಿರಿ.

ಹಳೆಯ ಎಕ್ಸ್‌ಎಲ್‌ಎಸ್ ಬಿಡಿ

ತಂತ್ರಾಂಶ ಯಾವುದೇ ಇರಲಿ, ಫೈಲಿನ ಬಗೆ ಹಳೆಯದಾಗಿದ್ದರೆ ಮಿತಿಯೂ ಹಳೆಯದೇ. ಎಕ್ಸೆಲ್ 97ರಿಂದ 2003ರವರೆಗೆ ಬಳಕೆಯಲ್ಲಿದ್ದ ಎಕ್ಸ್‌ಎಲ್‌ಎಸ್ ಬಗೆಯ ಫೈಲಿನಲ್ಲಿ 65,536 ಸಾಲು, 256 ಕಾಲಂ ಮಾತ್ರ. ನಮ್ಮ 300 ಸದಸ್ಯರ ಸಂಘಕ್ಕೆ ಅದು ನೂರ ಒಂಬತ್ತು ದಿನಕ್ಕೆ ಮುಗಿಯುತ್ತದೆ. ಹೊಸ ಕಂಪ್ಯೂಟರು, ಹೊಸ ಎಕ್ಸೆಲ್ ಇದ್ದರೂ ಫೈಲು ಮಾತ್ರ ಹತ್ತಾರು ವರ್ಷದಿಂದ ನಕಲಾಗುತ್ತ ಬಂದ ಹಳೆಯ ನಮೂನೆಯೇ ಆಗಿರುವುದು ನಮ್ಮ ಕಡೆ ಬಹಳ ಸಾಮಾನ್ಯ. ತಂತ್ರಾಂಶದ ಮೇಲುಪಟ್ಟಿಯಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಎಂದು ಕಂಡರೆ ನೀವಿರುವುದು ಅದೇ ಇಕ್ಕಟ್ಟಿನಲ್ಲಿ.

ಇದು ಎಷ್ಟು ದೊಡ್ಡ ಅನಾಹುತ ಮಾಡಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಉದಾಹರಣೆ ಇದೆ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಅಲ್ಲಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಸೇರದೆ ಉಳಿದವು. ಪ್ರಯೋಗಾಲಯಗಳಿಂದ ಬಂದ ವರದಿಗಳನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಎಕ್ಸ್‌ಎಲ್‌ಎಸ್ ನಮೂನೆಗೆ ತುಂಬುತ್ತಿತ್ತು. 65,536ರ ಮಿತಿ ಮೀರಿದ ಸಾಲುಗಳು ಕೈಬಿಟ್ಟುಹೋದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಹೊಸ ಬಗೆಯ ಫೈಲು ಬಂದು ಆಗಲೇ ಹದಿಮೂರು ವರ್ಷವಾಗಿತ್ತು.

ಹಾಗಾಗಿ ಇವತ್ತೇ ಮಾಡಬಹುದಾದ ಕೆಲಸ: ಹಳೆಯ ಫೈಲನ್ನು ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿ, ಮುಚ್ಚಿ, ಮತ್ತೆ ತೆರೆಯಿರಿ. ಮ್ಯಾಕ್ರೋ (ಫೈಲಿನೊಳಗೆ ತಾನಾಗಿ ನಡೆಯುವ ಆಜ್ಞೆಗಳ ಸರಣಿ) ಇದ್ದರೆ ಎಕ್ಸ್‌ಎಲ್‌ಎಸ್‌ಎಂ. ಕ್ಯಾಲ್ಕ್ ಬಳಸುವವರಿಗೆ ಅದರದೇ ಆದ ಒಡಿಎಸ್ ಚೆನ್ನು.

ತೋರಿಕೆ ಬದಲಾಗುವುದಲ್ಲ, ಒಳಗಿನ ಅಂಕಿಯೇ ಬದಲಾಗುವುದು

ಫಾರ್ಮ್ಯಾಟಿಂಗ್ ಎಂದರೆ ಬಣ್ಣ, ಗೆರೆ, ದಪ್ಪಕ್ಷರ ಎಂದೇ ಹೆಚ್ಚಿನವರ ತಿಳಿವಳಿಕೆ. ಅದಕ್ಕಿಂತ ಆಳವಾದದ್ದು, ಸೆಲ್‌ನಲ್ಲಿರುವುದು ಸಂಖ್ಯೆಯೋ, ತಾರೀಖೋ, ಬರಿಯ ಪಠ್ಯವೋ ಎಂಬ ತೀರ್ಮಾನ. ನೀವು ಹೇಳದಿದ್ದರೆ ತಂತ್ರಾಂಶ ತಾನೇ ಊಹಿಸುತ್ತದೆ. ಆ ಊಹೆ ನಮ್ಮ ಊರಿನ ದಾಖಲೆಗಳ ವಿಷಯದಲ್ಲಿ ಪದೇಪದೇ ತಪ್ಪುತ್ತದೆ.

ಸರ್ವೆ ನಂಬರ್ 12, ಹಿಸ್ಸಾ 3. ಎಲ್ಲರೂ 12/3 ಎಂದು ಬರೆಯುತ್ತೇವೆ. ಮೂರೂ ತಂತ್ರಾಂಶಗಳು ಇದನ್ನು ತಾರೀಖು ಎಂದು ತಿಳಿಯುತ್ತವೆ. ಪ್ರದೇಶ ಭಾರತ ಎಂದಿದ್ದರೆ ಮಾರ್ಚ್ 12, ಅಮೆರಿಕ ಎಂದಿದ್ದರೆ ಡಿಸೆಂಬರ್ 3. ಗಾಬರಿಯಾಗಿ ಎಕ್ಸೆಲ್‌ನಲ್ಲಿ ಆ ಸೆಲ್ಲನ್ನು ಪಠ್ಯ ಎಂದು ಬದಲಿಸಿದರೆ 12/3 ಮರಳುವುದಿಲ್ಲ. 45728 ಎಂಬಂಥ ಐದಂಕಿಯ ಸಂಖ್ಯೆ ಬರುತ್ತದೆ. ಅದು 2025ರ ಮಾರ್ಚ್ 12ಕ್ಕೆ ತಂತ್ರಾಂಶದೊಳಗಿನ ದಿನಸಂಖ್ಯೆ, 1900ರಿಂದ ಎಣಿಸಿಕೊಂಡು ಬಂದದ್ದು. ಮೂಲ ಹೋಯಿತು. ಅದೇ ಪಟ್ಟಿಯಲ್ಲಿ 112/3 ಎಂಬುದು ತಾರೀಖಾಗಲು ಸಾಧ್ಯವಿಲ್ಲದ್ದರಿಂದ ಹಾಗೆಯೇ ಉಳಿದಿರುತ್ತದೆ. ಅರ್ಧ ಸರಿ, ಅರ್ಧ ತಪ್ಪು ಇರುವ ಇಂಥ ಪಟ್ಟಿ ಪೂರ್ತಿ ಕೆಟ್ಟದ್ದಕ್ಕಿಂತ ಅಪಾಯಕಾರಿ, ಕಣ್ಣು ಹಾಯಿಸಿದವರಿಗೆ ತಪ್ಪು ಕಾಣುವುದೇ ಇಲ್ಲ.

ವಿಸ್ತೀರ್ಣದ ಕಥೆ ಇನ್ನೂ ಸೂಕ್ಷ್ಮ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2-20 ಎಂದು ಬರೆದರೆ ಅದೂ ತಾರೀಖಿನ ಬಾಯಿಗೆ ಬೀಳುತ್ತದೆ. ಅದಕ್ಕೆ ಹೆದರಿ 2.20 ಎಂದು ಬರೆದರೆ ತಂತ್ರಾಂಶ ದಶಮಾಂಶ ಎಂದುಕೊಂಡು ಕೊನೆಯ ಸೊನ್ನೆಯನ್ನು ತೆಗೆದು 2.2 ಎಂದು ತೋರಿಸುತ್ತದೆ. ಈಗ ಅದು ಎರಡು ಗುಂಟೆಯೋ ಇಪ್ಪತ್ತು ಗುಂಟೆಯೋ? ಓದಿದವರು ಹೇಳಲಾರರು. ಎರಡು ದಶಮಾಂಶ ಸ್ಥಾನ ತೋರಿಸು ಎಂದು ಫಾರ್ಮ್ಯಾಟ್ ಕೊಟ್ಟರೆ ಕಣ್ಣಿಗೇನೋ ಸರಿಯಾಗುತ್ತದೆ, ಕೂಡುವಾಗ ಮತ್ತೆ ತಪ್ಪುತ್ತದೆ. 2.20ಕ್ಕೆ 1.30 ಕೂಡಿಸಿದರೆ 3.50 ಬರುತ್ತದೆ. ಗುಂಟೆ ನಲವತ್ತಾದರೆ ಒಂದು ಎಕರೆ. ಸರಿಯಾದ ಮೊತ್ತ 4 ಎಕರೆ 10 ಗುಂಟೆ. ಇದಕ್ಕೆ ಯಾವ ತಂತ್ರಾಂಶವೂ ಮದ್ದಲ್ಲ. ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಮಾಡಿ. ಸರ್ವೆ ನಂಬರ್, ಹಿಸ್ಸಾ ಕೂಡ ಬೇರೆಬೇರೆ ಕಾಲಂಗಳಲ್ಲಿರಲಿ. ಪಹಣಿ ನೋಡಲು ಹೋದಾಗ ಭೂಮಿ ಜಾಲತಾಣ ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಎಂದು ಬಿಡಿಬಿಡಿಯಾಗಿಯೇ ಕೇಳುತ್ತದೆ. ನಮ್ಮ ಪಟ್ಟಿಯೂ ಹಾಗೇ ಇದ್ದರೆ ತಾಳೆ ನೋಡಲು ಸುಲಭ.

ಮುಂದಿನದು ಸೊನ್ನೆಯಿಂದ ಶುರುವಾಗುವ ಸಂಕೇತಗಳು. ಜಿಎಸ್‌ಟಿಗೆ ಬೇಕಾದ, ಸರಕಿನ ಬಗೆ ಹೇಳುವ ನಾಲ್ಕಂಕಿಯ ಎಚ್‌ಎಸ್‌ಎನ್ ಸಂಕೇತಗಳನ್ನೇ ನೋಡಿ. ತೆಂಗಿನಕಾಯಿ 0801, ಅಡಿಕೆ 0802, ಟೊಮ್ಯಾಟೊ 0702, ಹಾಲು 0401. ತುಮಕೂರಿನ ತೋಟದಿಂದ ಕೋಲಾರದ ಮಾರುಕಟ್ಟೆಯವರೆಗೆ ನಮ್ಮ ಎಷ್ಟೋ ಫಸಲುಗಳ ಸಂಕೇತ ಸೊನ್ನೆಯಿಂದಲೇ ಶುರು. ಟೈಪ್ ಮಾಡಿದ ಕೂಡಲೇ ಸೊನ್ನೆ ಮಾಯವಾಗಿ 801, 802 ಆಗಿ ನಿಲ್ಲುತ್ತದೆ. ತಿಪಟೂರಿನ ಕೊಬ್ಬರಿ 1203, ಶಿಡ್ಲಘಟ್ಟದ ರೇಷ್ಮೆಗೂಡು 5001 ಆದ್ದರಿಂದ ಅವಕ್ಕೆ ಈ ಕಾಟವಿಲ್ಲ.

ಉದ್ದ ಸಂಖ್ಯೆಗಳದ್ದು ಇನ್ನೊಂದು ತೊಡಕು. ಹನ್ನೆರಡು ಅಂಕಿಯ ಆಧಾರ್ ಸಂಖ್ಯೆಯನ್ನು ಎಕ್ಸೆಲ್ ಸಾಮಾನ್ಯ ಫಾರ್ಮ್ಯಾಟಿನಲ್ಲಿ ವಿಜ್ಞಾನದ ಪುಸ್ತಕದ ರೀತಿಯಲ್ಲಿ, ನಡುವೆ ದಶಮಾಂಶ ಬಿಂದು, ಕೊನೆಯಲ್ಲಿ ಹತ್ತರ ಘಾತ ಇಟ್ಟು ತೋರಿಸುತ್ತದೆ. ನೋಡಿದವರು ಹೋಯಿತು ಎಂದುಕೊಳ್ಳುತ್ತಾರೆ, ಆದರೆ ಹೋಗಿಲ್ಲ. ಫಾರ್ಮ್ಯಾಟ್ ಬದಲಿಸಿದರೆ ಹನ್ನೆರಡೂ ಅಂಕಿ ಕಾಣುತ್ತವೆ. ನಿಜಕ್ಕೂ ಹೋಗುವುದು ಹದಿನಾರು ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆ. ಎಕ್ಸೆಲ್ ಸಂಖ್ಯೆಯೊಂದರಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ, ಹದಿನಾರನೆಯದನ್ನು ಸೊನ್ನೆ ಮಾಡುತ್ತದೆ. ಖಾತೆಗೆ ಹಣ ಹಾಕುವ ಪಟ್ಟಿಯಲ್ಲಿ ಇದು ಆದರೆ ಹಣ ಸೇರಬೇಕಾದವರಿಗೆ ಸೇರುವುದಿಲ್ಲ. ಗೂಗಲ್, ಕ್ಯಾಲ್ಕ್ ಎರಡೂ ಸಂಖ್ಯೆಗಳನ್ನು ಇದೇ ಬಗೆಯ ನಿಖರತೆಯಲ್ಲಿ ಇಡುವುದರಿಂದ ಅಲ್ಲಿಯೂ ನಂಬಿಕೊಳ್ಳುವಂತಿಲ್ಲ. ಕೂಡಿ ಕಳೆಯಲು ಬಾರದ ಯಾವ ಸಂಖ್ಯೆಯೂ ಸಂಖ್ಯೆಯಲ್ಲ, ಅದು ಪಠ್ಯ. ಖಾತೆ, ಆಧಾರ್, ಮೊಬೈಲ್, ಪಿನ್‌ಕೋಡ್, ಎಚ್‌ಎಸ್‌ಎನ್ ಕಾಲಂಗಳಿಗೆ ಬರೆಯಲು ತೊಡಗುವ ಮೊದಲೇ ಪಠ್ಯದ ಫಾರ್ಮ್ಯಾಟ್ ಕೊಡಿ. ಆಮೇಲೆ ಕೊಟ್ಟರೆ ಪ್ರಯೋಜನವಿಲ್ಲ.

ಹಾಗಾದರೆ ಇಲ್ಲಿ ಮೂರರಲ್ಲಿ ಯಾವುದು ಮೇಲು? ನೀವೇ ಟೈಪ್ ಮಾಡುವಾಗ ವ್ಯತ್ಯಾಸ ಕಡಿಮೆ. ವ್ಯತ್ಯಾಸ ತಿಳಿಯುವುದು ಬೇರೆ ಕಡೆಯಿಂದ ಬಂದ ಸಿಎಸ್‌ವಿ ಫೈಲು ತೆರೆಯುವಾಗ. ಸಿಎಸ್‌ವಿಯಲ್ಲಿ ಇರುವುದು ಅಲ್ಪವಿರಾಮದಿಂದ ಬೇರ್ಪಡಿಸಿದ ಬರಿಯ ಅಕ್ಷರಗಳು. ಯಾವ ಕಾಲಂ ಏನು ಎಂಬ ಮಾಹಿತಿ ಅದರಲ್ಲಿಲ್ಲ. ಎಕ್ಸೆಲ್‌ನಲ್ಲಿ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ತನ್ನ ಊಹೆಯಂತೆ ತೆರೆದುಬಿಡುತ್ತದೆ. ಕನ್ನಡದ ಹೆಸರುಗಳಿದ್ದರೆ ಬಹಳ ಸಲ ಅವೂ ಅರ್ಥವಿಲ್ಲದ ಚಿಹ್ನೆಗಳಾಗಿ ಬರುತ್ತವೆ. ಕ್ಯಾಲ್ಕ್ ಹಾಗಲ್ಲ. ತೆರೆಯುವ ಮೊದಲೇ ಒಂದು ಕಿಟಕಿ ತೋರಿಸಿ ಅಕ್ಷರಗಳ ಎನ್‌ಕೋಡಿಂಗ್ (ಅಕ್ಷರಗಳನ್ನು ಯಂತ್ರದ ಸಂಕೇತವಾಗಿ ಉಳಿಸಿದ ಬಗೆ) ಯಾವುದು, ಯಾವ ಕಾಲಂ ಪಠ್ಯ, ಯಾವುದು ತಾರೀಖು ಎಂದು ಕೇಳುತ್ತದೆ, ಕೆಳಗಡೆ ಮಾದರಿ ಸಾಲುಗಳನ್ನೂ ತೋರಿಸುತ್ತದೆ. ಯುಟಿಎಫ್-8 ಆರಿಸಿ, ಕಾಲಂಗಳನ್ನು ಗುರುತಿಸಿದರೆ ಮುಗಿಯಿತು. ಈ ಒಂದು ಗುಣಕ್ಕಾಗಿಯೇ, ಎಕ್ಸೆಲ್ ಇರುವವರೂ ಕ್ಯಾಲ್ಕ್ ಹಾಕಿಟ್ಟುಕೊಳ್ಳಲಿ ಎಂದು ನಾನು ಒತ್ತಿ ಹೇಳುತ್ತೇನೆ.

ಎಕ್ಸೆಲ್‌ನಲ್ಲೂ ಸರಿಯಾದ ದಾರಿ ಇದೆ. ಫೈಲನ್ನು ನೇರವಾಗಿ ತೆರೆಯದೆ ಡೇಟಾ ಮೆನುವಿನ ಮೂಲಕ ತರಿಸಿಕೊಂಡು, ಕಾಲಂಗಳ ಬಗೆಯನ್ನು ಗುರುತಿಸಬೇಡ ಎಂಬ ಆಯ್ಕೆ ಕೊಡಬೇಕು. ಗೂಗಲ್ ಶೀಟ್ಸ್‌ನಲ್ಲಿ ಇಂಪೋರ್ಟ್ ಮಾಡುವಾಗ ಪಠ್ಯವನ್ನು ಸಂಖ್ಯೆ, ತಾರೀಖು, ಸೂತ್ರಗಳಿಗೆ ಪರಿವರ್ತಿಸು ಎಂಬ ಗುರುತನ್ನು ತೆಗೆಯಬೇಕು. 2023ರಿಂದ ಎಕ್ಸೆಲ್ ತನ್ನ ಆಯ್ಕೆಗಳಲ್ಲಿ ಇಂಥ ಸ್ವಯಂ ಪರಿವರ್ತನೆಗಳನ್ನು ನಿಲ್ಲಿಸುವ ಸೌಲಭ್ಯ ಕೊಟ್ಟಿದೆ. ಮುಂದಿನ ಸೊನ್ನೆ ಉಳಿಯುತ್ತದೆ, ಉದ್ದ ಸಂಖ್ಯೆ ಉಳಿಯುತ್ತದೆ. ಆದರೆ ತಾರೀಖಿನ ವಿಷಯದಲ್ಲಿ ಅದು ತಡೆಯುವುದು ಅಕ್ಷರ ಅಂಕಿ ಕೂಡಿಕೊಂಡ ಪದಗಳನ್ನಷ್ಟೇ. 12/3ಕ್ಕೆ ಅದರಿಂದ ರಕ್ಷಣೆಯಿಲ್ಲ. ವಿಜ್ಞಾನಿಗಳಿಗೂ ಈ ತೊಂದರೆ ತಪ್ಪಿರಲಿಲ್ಲ: ಮಾರ್ಚ್, ಸೆಪ್ಟೆಂಬರ್ ತಿಂಗಳುಗಳ ಹೆಸರಿನಂತೆ ಓದಿಸಿಕೊಳ್ಳುತ್ತಿದ್ದ ಮಾನವ ವಂಶವಾಹಿಗಳ ಸಂಕೇತಗಳು ಎಕ್ಸೆಲ್‌ನಲ್ಲಿ ತಾರೀಖಾಗುತ್ತಿದ್ದ ಕಾರಣ, ಅಂಥ ವಂಶವಾಹಿಗಳ ಹೆಸರನ್ನೇ ಬದಲಿಸಿದ ಸಂಗತಿ 2020ರಲ್ಲಿ ಸುದ್ದಿಯಾಯಿತು.

ಒಂದು ಪೈಸೆಯ ತಗಾದೆ

ಇನ್ನೊಂದು ಬಗೆಯ ತಪ್ಪು ಲೆಕ್ಕ ಪರಿಶೋಧನೆಯ ಹೊತ್ತಿನಲ್ಲಿ ಮಾತ್ರ ಹೊರಬರುತ್ತದೆ. ಮೂವರು ಸದಸ್ಯರಿಗೆ ಬರಬೇಕಾದ ಮೊತ್ತ, ಲೀಟರು ಮತ್ತು ದರ ಗುಣಿಸಿದಾಗ, 112.334, 98.334, 75.334 ಎಂದು ಬಂದಿದೆ. ಎರಡು ದಶಮಾಂಶ ತೋರಿಸುವ ಫಾರ್ಮ್ಯಾಟಿನಲ್ಲಿ ಕಾಣುವುದು 112.33, 98.33, 75.33. ಕೈಯಲ್ಲಿ ಕೂಡಿದರೆ 285.99. ಶೀಟು ಒಳಗಿನ ಪೂರ್ತಿ ಅಂಕಿಗಳನ್ನು ಕೂಡಿ 286.00 ಎಂದು ತೋರಿಸುತ್ತದೆ. ಮೂರು ಜನಕ್ಕೆ ಒಂದು ಪೈಸೆ. ಮುನ್ನೂರು ಜನಕ್ಕೆ, ವರ್ಷವಿಡೀ, ಇದು ಕಿರ್ದಿಗೆ ಹೊಂದದ ಮೊತ್ತವಾಗುತ್ತದೆ. ಫಾರ್ಮ್ಯಾಟು ತೋರಿಕೆಯನ್ನು ಮಾತ್ರ ಕತ್ತರಿಸುತ್ತದೆ, ಬೆಲೆಯನ್ನಲ್ಲ. ಪ್ರತಿ ಸಾಲಿನ ಮೊತ್ತವನ್ನು ರೌಂಡ್ ಸೂತ್ರದೊಳಗೆ ಇಟ್ಟು ಎರಡು ಸ್ಥಾನಕ್ಕೆ ನಿಲ್ಲಿಸಿ, ಆಮೇಲೆ ಕೂಡಿ. ಮೂರೂ ತಂತ್ರಾಂಶಗಳಲ್ಲಿ ಸೂತ್ರ ಒಂದೇ. ಎಕ್ಸೆಲ್ ಮತ್ತು ಕ್ಯಾಲ್ಕ್‌ನಲ್ಲಿ ತೋರಿಸಿದಷ್ಟೇ ನಿಖರತೆ ಇಟ್ಟುಕೋ ಎಂಬ ಆಯ್ಕೆಯೂ ಇದೆ. ಅದನ್ನು ಮುಟ್ಟಬೇಡಿ, ಎಕ್ಸೆಲ್‌ನಲ್ಲಿ ಅದು ಒಳಗಿನ ಅಂಕಿಗಳನ್ನು ಶಾಶ್ವತವಾಗಿ ಕತ್ತರಿಸುತ್ತದೆ, ಮರಳಿ ಪಡೆಯಲಾಗುವುದಿಲ್ಲ.

ಬಣ್ಣ, ಗೆರೆ, ಅಕ್ಷರಶೈಲಿ

ಈಗ ಎಲ್ಲರೂ ಫಾರ್ಮ್ಯಾಟಿಂಗ್ ಎಂದು ಕರೆಯುವ ವಿಷಯ. ಎಕ್ಸೆಲ್ ಒಂದು ಫೈಲಿನಲ್ಲಿ 65,490 ಬೇರೆಬೇರೆ ಸೆಲ್ ಫಾರ್ಮ್ಯಾಟುಗಳನ್ನು ಒಪ್ಪುತ್ತದೆ. ಹಳೆಯ ಎಕ್ಸ್‌ಎಲ್‌ಎಸ್‌ನಲ್ಲಿ ಇದು ಸುಮಾರು 4,000 ಇತ್ತು. ಲಕ್ಷ ಸೆಲ್‌ಗಳಿಗೆ ಒಂದೇ ಬಗೆಯ ಅಲಂಕಾರ ಇದ್ದರೆ ಅದು ಒಂದೇ ಎಂದು ಲೆಕ್ಕ. ಅಕ್ಷರಶೈಲಿ, ಗಾತ್ರ, ಬಣ್ಣ, ಗೆರೆ, ಸಂಖ್ಯೆಯ ಬಗೆ ಇವುಗಳಲ್ಲಿ ಒಂದು ಬದಲಾದರೂ ಇನ್ನೊಂದು. ಬೇರೆಬೇರೆ ಕಚೇರಿಗಳಿಂದ ಬಂದ ಶೀಟುಗಳನ್ನು ಒಂದೇ ಫೈಲಿಗೆ ವರ್ಷಗಟ್ಟಲೆ ಅಂಟಿಸುತ್ತ ಹೋದಾಗ ಈ ಮಿತಿ ಮುಟ್ಟುತ್ತದೆ. ಫಾರ್ಮ್ಯಾಟುಗಳು ವಿಪರೀತವಾಗಿವೆ ಎಂಬ ಸಂದೇಶ ಬಂದು ಫೈಲು ಇನ್ನೊಂದು ಬಣ್ಣವನ್ನೂ ಒಪ್ಪುವುದಿಲ್ಲ. ಅಂಟಿಸುವಾಗ ಬೆಲೆಗಳನ್ನು ಮಾತ್ರ ಅಂಟಿಸುವ ಅಭ್ಯಾಸ ಇಟ್ಟುಕೊಂಡರೆ ಇದು ಎಂದೂ ಬರದು.

ಫೈಲು ಸುಮ್ಮನೆ ದಪ್ಪವಾಗುವುದಕ್ಕೂ ಇದೇ ಕಾರಣ. ಐನೂರು ಸಾಲಿನ ಪಟ್ಟಿಗೆ ಕೆಳಗಿನ ಇಪ್ಪತ್ತು ಸಾವಿರ ಖಾಲಿ ಸಾಲುಗಳವರೆಗೆ ಗೆರೆ ಎಳೆದಿಟ್ಟರೆ, ಆ ಖಾಲಿ ಸೆಲ್‌ಗಳೂ ಒಂದೊಂದಾಗಿ ಫೈಲಿನಲ್ಲಿ ದಾಖಲಾಗುತ್ತವೆ. ಕಂಟ್ರೋಲ್ ಒತ್ತಿ ಎಂಡ್ ಒತ್ತಿ ನೋಡಿ. ನಿಮ್ಮ ಕೊನೆಯ ಸಾಲಿಗಿಂತ ಎಷ್ಟೋ ಕೆಳಗೆ ಹೋಗಿ ನಿಂತರೆ ನಡುವಿನದೆಲ್ಲ ಹೊರೆ. ಆ ಸಾಲುಗಳನ್ನು ಆರಿಸಿ, ಸಾಲು ಅಳಿಸುವ ಆಜ್ಞೆಯಿಂದಲೇ ತೆಗೆದು, ಫೈಲು ಉಳಿಸಿ. ಕೀಲಿಮಣೆಯ ಡಿಲೀಟ್ ಒತ್ತಿದರೆ ಬರಹ ಹೋಗುತ್ತದೆ, ಅಲಂಕಾರ ಉಳಿಯುತ್ತದೆ.

ಬಾಕಿ ಇರುವವರಿಗೆ ಕೆಂಪು, ತೀರಿಸಿದವರಿಗೆ ಹಸಿರು ಎಂದು ಬಣ್ಣದಲ್ಲೇ ಲೆಕ್ಕ ಇಟ್ಟುಕೊಳ್ಳುವವರು ಬಹಳ. ಸಿಎಸ್‌ವಿ ಆಗಿ ಉಳಿಸಿದ ಕ್ಷಣ ಬಣ್ಣವೆಲ್ಲ ಹೋಗುತ್ತದೆ, ಯಾರು ಬಾಕಿ ಎಂಬ ಮಾಹಿತಿಯೂ ಅದರ ಜೊತೆಗೇ ಹೋಗುತ್ತದೆ. ‘ಬಾಕಿ’ ಎಂದೇ ಒಂದು ಕಾಲಂ ಮಾಡಿ ಪದದಲ್ಲಿ ಬರೆಯಿರಿ. ಬಣ್ಣ ಬೇಕಾದರೆ ಆ ಪದವನ್ನು ನೋಡಿ ಬಣ್ಣ ಬರುವಂತೆ ಷರತ್ತು ಹಾಕಿ. ಮೂರರಲ್ಲೂ ಆ ಸೌಲಭ್ಯ ಇದೆ. ಸೆಲ್‌ಗಳನ್ನು ಮರ್ಜ್ ಮಾಡುವುದನ್ನು ಶೀರ್ಷಿಕೆಗೆ ಮಾತ್ರ ಇಟ್ಟುಕೊಳ್ಳಿ, ಪಟ್ಟಿಯ ನಡುವೆ ಮಾಡಿದರೆ ಅಕಾರಾದಿ ಜೋಡಣೆ ನಿಂತುಹೋಗುತ್ತದೆ.

ಕನ್ನಡದವರಿಗೇ ಮೀಸಲಾದ ತೊಡಕು ಅಕ್ಷರಶೈಲಿಯದು. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬರೆದ ಶೀಟುಗಳು ಇಂದಿಗೂ ಎಷ್ಟೋ ಕಡೆ ಓಡಾಡುತ್ತಿವೆ. ಅವುಗಳೊಳಗೆ ಇರುವುದು ರೋಮನ್ ಅಕ್ಷರ, ಚಿಹ್ನೆಗಳು. ಕನ್ನಡ ಕಾಣುವುದು ಅಕ್ಷರಶೈಲಿಯಿಂದ ಮಾತ್ರ. ಅಂದರೆ ಆ ಫೈಲಿನಲ್ಲಿ ಫಾರ್ಮ್ಯಾಟಿಂಗ್ ಹೋದರೆ ಭಾಷೆಯೇ ಹೋಯಿತು. ಆ ಅಕ್ಷರಶೈಲಿ ಇಲ್ಲದ ಗೂಗಲ್ ಶೀಟ್ಸ್‌ನಲ್ಲಿ, ಮೊಬೈಲಿನಲ್ಲಿ, ಸಿಎಸ್‌ವಿಯಲ್ಲಿ ಸದಸ್ಯರ ಹೆಸರುಗಳ ಜಾಗದಲ್ಲಿ ಗೀಟು ಚುಕ್ಕಿ ಹೊತ್ತ ರೋಮನ್ ಅಕ್ಷರಗಳು ಬಂದು ಕೂರುತ್ತವೆ. ಅಕಾರಾದಿಯಾಗಿ ಜೋಡಿಸಿದರೂ ಕನ್ನಡದ ಕ್ರಮ ಬರುವುದಿಲ್ಲ. ಒಂದು ಶೀಟು ಹಳೆಯ ನುಡಿಯಲ್ಲಿ, ಇನ್ನೊಂದು ಯುನಿಕೋಡಿನಲ್ಲಿ ಇದ್ದರೆ ಅದೇ ಹೆಸರು ಎರಡರಲ್ಲೂ ಇದ್ದರೂ ಹೊಂದಿಸುವ ಸೂತ್ರಕ್ಕೆ ಸಿಗುವುದಿಲ್ಲ. ಹಳೆಯದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅಂಕಿಗಳ ಕಾಲಂಗಳನ್ನು ಬಿಟ್ಟು ಹೆಸರಿನ ಕಾಲಂಗಳನ್ನು ಮಾತ್ರ ಬದಲಿಸಿ, ಕೆಲವು ಹೆಸರುಗಳನ್ನು ಕಣ್ಣಿಟ್ಟು ತಾಳೆ ನೋಡಿ.

ಲಕ್ಷ, ಕೋಟಿಗೆ ಅಲ್ಪವಿರಾಮ ಹಾಕಿಸುವುದರಲ್ಲಿ ಕ್ಯಾಲ್ಕ್ ಮುಂದು. #,##,##0 ಎಂದು ಬರೆದರೆ ಸಾಕು. ಗೂಗಲ್ ಶೀಟ್ಸ್‌ನಲ್ಲಿ ಫೈಲಿನ ಸೆಟ್ಟಿಂಗ್‌ನಲ್ಲಿ ಪ್ರದೇಶವನ್ನು ಭಾರತ ಎಂದು ಮಾಡಬೇಕು. ಎಕ್ಸೆಲ್ ಕಂಪ್ಯೂಟರಿನ ಪ್ರದೇಶ ಸೆಟ್ಟಿಂಗನ್ನು ಅನುಸರಿಸುವುದರಿಂದ ಒಂದೇ ಫೈಲು ಒಂದು ಕಡೆ 12,50,000 ಎಂದೂ ಇನ್ನೊಂದು ಕಡೆ 1,250,000 ಎಂದೂ ಕಾಣುತ್ತದೆ. ಬೆಲೆ ಒಂದೇ, ಗಾಬರಿ ಬೇಡ.

ಯಾರಿಗೆ ಯಾವುದು

ಒಂದೇ ಕಂಪ್ಯೂಟರು, ಆಗಾಗ ಕೈಕೊಡುವ ಇಂಟರ್‌ನೆಟ್, ತಂತ್ರಾಂಶಕ್ಕೆ ಹಣವಿಲ್ಲದ ಹಾಲಿನ ಸಂಘಕ್ಕೆ ಅಥವಾ ಶಾಲೆಗೆ ಕ್ಯಾಲ್ಕ್. ಮೂಲ ಪ್ರತಿ ಒಡಿಎಸ್‌ನಲ್ಲಿರಲಿ, ಬೇರೆಯವರಿಗೆ ಕೊಡುವಾಗ ಎಕ್ಸ್‌ಎಲ್‌ಎಸ್‌ಎಕ್ಸ್ ಪ್ರತಿ ಮಾಡಿ ಕೊಡಿ. 7.4 ಅಥವಾ ಅದಕ್ಕಿಂತ ಹೊಸ ಆವೃತ್ತಿಯೇ ಹಾಕಿಕೊಳ್ಳಿ. 1900ಕ್ಕಿಂತ ಹಿಂದಿನ ಹಳೆಯ ಕ್ರಯಪತ್ರಗಳ ತಾರೀಖು ಬರೆಯಬೇಕಾದವರಿಗೂ ಇದೇ ಸರಿ, ಎಕ್ಸೆಲ್ ಅವನ್ನು ತಾರೀಖು ಎಂದೇ ಒಪ್ಪುವುದಿಲ್ಲ.

ಗುಬ್ಬಿಯಲ್ಲೊಬ್ಬರು, ಶಿರಾದಲ್ಲೊಬ್ಬರು, ಪಾವಗಡದಲ್ಲೊಬ್ಬರು ಕೂತು ಒಂದೇ ಪಟ್ಟಿ ತುಂಬಬೇಕಾದರೆ ಗೂಗಲ್ ಶೀಟ್ಸ್ ಸುಲಭದ ದಾರಿ. ನೂರು ಜನರವರೆಗೆ ಒಂದೇ ಹೊತ್ತಿನಲ್ಲಿ ತಿದ್ದಬಹುದು, ಯಾರು ಯಾವಾಗ ಏನು ಬದಲಿಸಿದರು ಎಂಬ ಇತಿಹಾಸ ಉಳಿಯುತ್ತದೆ, ತಪ್ಪಾದರೆ ನಿನ್ನೆಯ ಸ್ಥಿತಿಗೆ ಮರಳಬಹುದು. ಪಠ್ಯದ ಕಾಲಂಗಳನ್ನು ಮೊದಲೇ ನಿಗದಿ ಮಾಡಿ, ಖಾಲಿ ಕಾಲಂಗಳನ್ನು ಅಳಿಸಿ, ಆಮೇಲೆ ಕೊಂಡಿ ಹಂಚಿ. ಆಧಾರ್, ಖಾತೆ ಸಂಖ್ಯೆ ಇರುವ ಶೀಟನ್ನು ಕೊಂಡಿ ಸಿಕ್ಕ ಎಲ್ಲರೂ ನೋಡುವಂತೆ ಎಂದೂ ತೆರೆದಿಡಬೇಡಿ. ಇದನ್ನು ನಾನು ಬೇಡಿಕೊಂಡೇ ಹೇಳುತ್ತೇನೆ, ಸದಸ್ಯರು ನಿಮ್ಮನ್ನು ನಂಬಿ ಕೊಟ್ಟ ಅಂಕಿಗಳು ಅವು.

ಮಂಡಿ ವರ್ತಕರಿಗೆ, ಲೆಕ್ಕಿಗರಿಗೆ ಎಕ್ಸೆಲ್. ಇದಕ್ಕೆ ಕಾರಣ ಸಾಲುಗಳ ಸಂಖ್ಯೆಯಲ್ಲ. ಜಿಎಸ್‌ಟಿ ವಾರ್ಷಿಕ ರಿಟರ್ನ್‌ನ ಆಫ್‌ಲೈನ್ ಸಾಧನ ಎಕ್ಸೆಲ್‌ನ ಮ್ಯಾಕ್ರೋಗಳ ಮೇಲೆ ನಡೆಯುತ್ತದೆ. ಉಳಿದೆರಡರಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ನಿಮ್ಮ ಲೆಕ್ಕ ಪರಿಶೋಧಕರು ಕಳಿಸುವ ಫೈಲುಗಳಲ್ಲೂ ಮ್ಯಾಕ್ರೋ ಇರುವುದು ಸಾಮಾನ್ಯ. ಫೈಲು ದೊಡ್ಡದಾಗಿ ತೆರೆಯಲು ತಡವಾದರೆ ಎಕ್ಸ್‌ಎಲ್‌ಎಸ್‌ಬಿ ಬಗೆಯಲ್ಲಿ ಉಳಿಸಿ ನೋಡಿ, ಗಾತ್ರ ಇಳಿಯುತ್ತದೆ, ಬೇಗ ತೆರೆಯುತ್ತದೆ.

ಹತ್ತು ಲಕ್ಷ ಸಾಲು ದಾಟುವ ಲೆಕ್ಕಕ್ಕೆ ಮೂರೂ ಬೇಡ. ಅಷ್ಟು ದೊಡ್ಡ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಪೂರ್ತಿ ತೆರೆಯಲಾಗಲಿಲ್ಲ ಎಂಬ ಸೂಚನೆ ಬರುತ್ತದೆ. ಅದನ್ನು ದಾಟಿ ಅದೇ ಹೆಸರಿನಲ್ಲಿ ಉಳಿಸಿದರೆ ತೆರೆಯದೆ ಉಳಿದ ಸಾಲುಗಳು ಮೂಲ ಫೈಲಿನಿಂದಲೂ ಹೋಗುತ್ತವೆ. ಹೊರಗಿನ ಮಾಹಿತಿ ತರಿಸಿಕೊಳ್ಳುವ ಎಕ್ಸೆಲ್‌ನ ಸಾಧನವಾದ ಪವರ್ ಕ್ವೆರಿ ಮೂಲಕ, ಶೀಟಿನ ಹೊರಗೆ ಮಾಹಿತಿ ಇಟ್ಟುಕೊಳ್ಳುವ ಡೇಟಾ ಮಾಡೆಲ್‌ಗೆ ಸೇರಿಸಿದರೆ ಶೀಟಿನ ಮಿತಿ ಅಡ್ಡ ಬರುವುದಿಲ್ಲ. ಅದಕ್ಕಿಂತ ಚೆನ್ನಾದದ್ದು ಡೇಟಾಬೇಸ್: ಲಿಬ್ರೆಆಫೀಸ್‌ನೊಂದಿಗೇ ಬರುವ ಬೇಸ್, ಅಥವಾ 2 ಜಿಬಿಯವರೆಗೆ ಹಿಡಿಸುವ ಮೈಕ್ರೋಸಾಫ್ಟ್ ಆಕ್ಸೆಸ್. ಅಲ್ಲಿ ಪ್ರತಿ ಕಾಲಂ ಪಠ್ಯವೋ ಸಂಖ್ಯೆಯೋ ಎಂದು ಮೊದಲೇ ಹೇಳದೆ ಒಂದು ಸಾಲನ್ನೂ ಬರೆಯಲಾಗುವುದಿಲ್ಲ.